ಎಡಚಿಯ ಸ್ಟಿಕ್ಕು

ಬೆಳಿಗ್ಗೆ ಗಲ್ಲಿಯ ಗೋಡೆಗೆ ಹೊಡೆದ ಹಾಕಿ ಚೆಂಡು ಗೋಡೆಯನ್ನು ಬಿಟ್ಟು ಟೈಲರಕ್ಕನ ಕಿಟಕಿಯೊಳಗೆ ಹಾರಿ, ಇಸ್ತ್ರಿ ಮಾಡಿಟ್ಟ ಅಂಗಿಗಳ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು. ಅಷ್ಟೇ ಆದದ್ದು. ಉಳಿದದ್ದನ್ನೆಲ್ಲ ಒಳ್ಳೆಯ ಮನಸ್ಸಿನವರು ಮಾಡಿದರು.

ಚೆಂಡು ಹೊಡೆದ ಹುಡುಗಿಯನ್ನು ಗಲ್ಲಿಯವರೆಲ್ಲ ಎಡಚಿ ಎಂದೇ ಕರೆಯುತ್ತಿದ್ದರು. ಬರೆಯುವುದು, ತಲೆ ಬಾಚುವುದು, ಬಾಗಿಲ ಚಿಲಕ ತೆಗೆಯುವುದು, ಎಲ್ಲವೂ ಎಡಗೈಯಲ್ಲೇ. ಹಾಕಿ ಎಂದರೆ ಅವಳಿಗೆ ಪ್ರಾಣ. ಆದರೂ ಚೆಂಡು ಹತ್ತಿರ ಬಂತೆಂದರೆ ಕರೆಯದ ಮನೆಗೆ ಊಟಕ್ಕೆ ಬಂದವಳಂತೆ ಮುದುಡಿಹೋಗುತ್ತಿದ್ದಳು. ಅಂದು ಸಂಜೆ ಜಿಲ್ಲಾ ತಂಡಕ್ಕೆ ಆಯ್ಕೆ ಇತ್ತು. ಹದಿನಾರರೊಳಗಿನವರ ತಂಡ, ಮುಂದಿನ ತಿಂಗಳು ಅವಳಿಗೆ ಹದಿನಾರು ತುಂಬುತ್ತಿತ್ತು. ಹಾಗಾಗಿ ಇದೇ ಕೊನೆಯ ಅವಕಾಶ.

ಟೈಲರಕ್ಕ ಬೈಯಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು, ತನ್ನ ಅಂಗಡಿಯಲ್ಲಿ ಹಿಂದೆ ಕೆಲಸಕ್ಕಿದ್ದ ಎಡಚನ ಕತೆ ಹೇಳಿದಳು. ವರ್ಷವಿಡೀ ಬಟ್ಟೆ ಕೆಡಿಸಿದವನು ಎಡಗೈಯವರ ಕತ್ತರಿ ತರಿಸಿಕೊಟ್ಟ ಮೇಲೆ ಅವಳಿಗಿಂತ ನೇರವಾಗಿ ಕತ್ತರಿಸಿದನಂತೆ.

“ತಪ್ಪು ನಿಂದಲ್ಲ ಕಣೇ, ಆ ಕೋಲಿಂದು,” ಎಂದಳು.

ತಪ್ಪು ತನ್ನದಲ್ಲ ಎಂಬ ಮಾತನ್ನು ಹುಡುಗಿ ಅದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಅದರ ಸಿಹಿಗೆ ಮನಸೋತು ಟೈಲರಕ್ಕನ ಹಿಂದೆಯೇ ಬಡಗಿ ಮಾವನ ಕೊಟ್ಟಿಗೆಗೆ ಹೋದಳು.

ಬಡಗಿ ಮಾವ ಸ್ಟಿಕ್ಕನ್ನು ಆಚೀಚೆ ತಿರುಗಿಸಿ ನೋಡಿದ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉರುಟು. ಚೆಂಡನ್ನು ಚಪ್ಪಟೆ ಬದಿಯಿಂದಲೇ ಹೊಡೆಯಬೇಕೆಂದು ತಿಳಿದ ಕೂಡಲೇ ಅವನಿಗೆ ರೋಗ ಸಿಕ್ಕಿಬಿಟ್ಟಿತು: ಇದು ಬಲಗೈಯವರಿಗೆಂದೇ ಮಾಡಿದ್ದು; ಬದಿ ಅದಲುಬದಲು ಮಾಡಿದರಾಯಿತು.

“ಮಾವ, ನನ್ನತ್ರ ಇರೋದು ಇದೊಂದೇ,” ಎಂದಳು ಹುಡುಗಿ ಸಣ್ಣ ದನಿಯಲ್ಲಿ.

“ಅದಕ್ಕೇ ಮಗಳೇ, ಜೋಪಾನವಾಗಿ ಮಾಡ್ತೀನಿ.”

ಬಡಗಿ ಮಾವ ದೇವರನ್ನು ನೆನೆಯದೆ ಉಳಿ ಮುಟ್ಟುವವನಲ್ಲ. ಅಂದೂ ನೆನೆದ. ದೇವರು ಬೇಡವೆಂದಿದ್ದರೂ ಕೀಸುವ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಉರುಟು ಬದಿಯನ್ನು ಕೀಸಿ ಚಪ್ಪಟೆ ಮಾಡಿದ. ಚಪ್ಪಟೆ ಬದಿಗೆ ಮರ ಅಂಟಿಸಿ ಉರುಟು ಮಾಡಿದ. ಅಂಟು ಒಣಗುವವರೆಗೆ ಟೈಲರಕ್ಕ ಬೀಸಣಿಗೆಯಿಂದ ಗಾಳಿ ಹಾಕಿದಳು.

ಮಧ್ಯಾಹ್ನ ಹುಡುಗಿ ಇದುವರೆಗಿನ ಹಿಡಿತವನ್ನೂ ಅದಲುಬದಲು ಮಾಡಿ, ಬಲಗೈ ಮೇಲೆ, ಎಡಗೈ ಕೆಳಗೆ ಇಟ್ಟು ಆ ಸ್ಟಿಕ್ಕು ಹಿಡಿದಳು. ಚೆಂಡು ಸಾಕಿದ ನಾಯಿಮರಿಯಂತೆ ಹಿಂದೆ ಮುಂದೆ ಓಡಾಡಿತು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ನೋಡಲು ಬಂದ, ಗಿರಾಕಿಯೂ ಬಂದ. ಸಂಜೆಯವರೆಗೂ ಆಡಿದಳು. ಮುದುಡಿದ್ದ ಬೆನ್ನು ನೆಟ್ಟಗಾಯಿತು. ಮೈದಾನಕ್ಕೆ ಅವಳು ಹೋದ ನಡಿಗೆಯನ್ನು ಅವಳ ತಾಯಿ ನೋಡಿದ್ದರೆ ಬೇರೆ ಯಾರದೋ ಮಗಳೆಂದುಕೊಳ್ಳುತ್ತಿದ್ದಳು.

ಮೈದಾನದ ಬಾಗಿಲಲ್ಲೇ ಅಂಪೈರು ಸ್ಟಿಕ್ಕನ್ನು ತಡೆದು ತೆಗೆದಿಟ್ಟರು. ಈ ಆಟದಲ್ಲಿ ಎಡಗೈ ಸ್ಟಿಕ್ಕು ಎಂಬುದೇ ಇಲ್ಲ, ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಿನ್ನೆಯ ಹುಡುಗಿಯಾಗಿದ್ದರೆ ಅಲ್ಲಿಂದಲೇ ಮನೆಗೆ ಓಡುತ್ತಿದ್ದಳು. ಇವಳು ನಿಂತಳು.

“ಹಾಗಾದ್ರೆ ಬೇರೆ ಕೊಡಿ ಸಾರ್. ನಾನು ಆಡ್ತೀನಿ.”

ಯಾರದೋ ಸ್ಟಿಕ್ಕು ಸಿಕ್ಕಿತು. ಆದರೆ ಕೈಗಳು ಮಧ್ಯಾಹ್ನದ ಪಾಠವನ್ನು ಬಿಡಲೊಲ್ಲವು. ಬಲಗೈ ತಾನಾಗಿ ಮೇಲೇರಿತು, ಚೆಂಡಿಗೆ ಉರುಟು ಬದಿ ತಾಗಿತು, ಸೀಟಿ ಕೂಗಿತು. ಮತ್ತೆ ತಾಗಿತು, ಮತ್ತೆ ಸೀಟಿ. ಅವಳು ಹೆದರಲಿಲ್ಲ, ಅದೇ ಕೆಟ್ಟದ್ದಾಯಿತು. ಹೆದರಿದ್ದರೆ ನಿಧಾನಿಸುತ್ತಿದ್ದಳು, ಧೈರ್ಯ ಬಂದಿದ್ದರಿಂದ ತಪ್ಪುಗಳನ್ನೆಲ್ಲ ಜೋರಾಗಿ ಮಾಡಿದಳು.

ಆಯ್ಕೆಯಾದವರ ಹೆಸರು ಕೂಗಿದರು. ಅವಳದು ಬರಲಿಲ್ಲ.

ಎಲ್ಲರೂ ಹೊರಟ ಮೇಲೆ ಕೋಚ್ ಮೇಡಂ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಾ ಅವಳನ್ನು ಹತ್ತಿರ ಕರೆದರು. ಸಿಟ್ಟಿರಲಿಲ್ಲ, ಬೇಸರವಿತ್ತು.

“ಹೋದ ವಾರ ನಿಮ್ಮ ಸ್ಕೂಲ್ ಮ್ಯಾಚ್ ನೋಡಿದ್ದೆ. ಈ ಆಟದಲ್ಲಿ ಸ್ಟಿಕ್ಕು ತಿರುಗಿಸೋದೆಲ್ಲ ಮೇಲಿರೋ ಎಡಗೈ ಕೆಲಸ. ಬೇರೆಯವರಿಗೆ ಆ ಕೈ ಪಳಗಿಸೋಕೆ ವರ್ಷಗಟ್ಟಲೆ ಹೆಣಗ್ತೀನಿ. ನಿನಗೆ ದೇವರೇ ಕೊಟ್ಟುಬಿಟ್ಟಿದ್ದ. ನಿನಗೇ ಅಂತ ಒಂದು ಜಾಗ ಮನಸ್ಸಲ್ಲಿ ಇಟ್ಕೊಂಡು ಬಂದಿದ್ದೆ ಕಣಮ್ಮ. ಇವತ್ತು ಆ ಕೈ ಎಲ್ಲಿಟ್ಟಿದ್ದೆ?”

ಹುಡುಗಿ ತನ್ನ ಎಡಗೈಯನ್ನು ನೋಡಿಕೊಂಡಳು. ಇಷ್ಟು ವರ್ಷ ಅದರ ಪರವಾಗಿ ಎಲ್ಲರ ಕ್ಷಮೆ ಕೇಳಿದ್ದಳು. ಇನ್ನು ಅದರ ಕ್ಷಮೆ ಕೇಳಬೇಕಿತ್ತು.

ಗಲ್ಲಿಯ ತಿರುವಿನಲ್ಲಿ ಬಡಗಿ ಮಾವ ಕಾಯುತ್ತಿದ್ದ. ಕೂದಲಲ್ಲಿ ಇನ್ನೂ ಮರದ ಹೊಟ್ಟಿತ್ತು. ಅವಳ ಮುಖ ನೋಡಿ ಫಲಿತಾಂಶ ಕೇಳಲಿಲ್ಲ.

“ಕೋಲು ಏನಾದ್ರೂ ತೊಂದ್ರೆ ಕೊಡ್ತಾ, ಮಗಳೇ?”

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. ದನಿ ಎಲ್ಲಿಯೂ ನಡುಗಲಿಲ್ಲ.

“ಇಲ್ಲ ಮಾವ, ಕೋಲು ಸರಿಯಾಗೇ ಇತ್ತು. ನನಗೇ ಆಡೋಕೆ ಬರಲಿಲ್ಲ.”

ಹುಟ್ಟಿದಾಗಿನಿಂದ ಅವಳು ಅಷ್ಟು ಧೈರ್ಯವಾಗಿ ಒಂದು ಮಾತು ಆಡಿರಲಿಲ್ಲ. ಬಡಗಿ ಮಾವ ಪೂರ್ತಿ ನಂಬಿದ.