ನರಕದಲ್ಲಿ ದಾನಿಗಳ ಹೆಸರು

ಸುಫಾನ್‌ಬುರಿ ಕಡೆಯ ಬೌದ್ಧ ವಿಹಾರಗಳಲ್ಲಿ ದಾನ ಕೊಟ್ಟವರ ಹೆಸರನ್ನು ಕೊಟ್ಟ ವಸ್ತುವಿನ ಮೇಲೇ ಬರೆಯುತ್ತಾರೆ. ಫ್ಯಾನಿನ ರೆಕ್ಕೆಯ ಮೇಲೂ ಯಾರದೋ ಹೆಸರು ತಿರುಗುತ್ತಿರುತ್ತದೆ. ಆದ್ದರಿಂದ ಶಿಲ್ಪಿ ಪ್ರಯೂನ್ ವಿಹಾರದ ಹಿತ್ತಲಲ್ಲಿ ಸಿಮೆಂಟಿನ ಗೊಂಬೆಗಳ ನರಕ ಕಟ್ಟಿ, ಒಂಬತ್ತು ಪಾಪಿಗಳ ಪೀಠದ ಮೇಲೆ ಪಾಪದ ಹೆಸರಿನ ಕೆಳಗೇ ಒಂಬತ್ತು ದಾನಿಗಳ ಹೆಸರು ಬರೆದದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಅವನಿಗಿದು ಏಳನೆಯ ನರಕ. ಇಪ್ಪತ್ತು ವರ್ಷ ಪಾಪಿಗಳ ನಾಲಿಗೆ ಕೀಳಿಸಿ, ಕೊಪ್ಪರಿಗೆಯಲ್ಲಿ ಬೇಯಿಸಿ ಸಾಕಾಗಿತ್ತು. ಸಾಯುವುದರೊಳಗೆ ನಗುವ ಮುಖವೊಂದನ್ನು ಮಾಡಬೇಕೆಂದು ಬಲು ಆಸೆ. “ಇದು ಗಲಾಟೆ ಇಲ್ದೆ ಉದ್ಘಾಟನೆ ಆಗ್ಲಿ. ಮುಂದಿನ ವರ್ಷ ಸ್ವರ್ಗ ಕಟ್ಟಿಸ್ತೀನಿ, ಅದು ನಿನಗೇ” ಎಂದಿದ್ದರು ದೊಡ್ಡ ಗುರುಗಳು. ಉದ್ಘಾಟನೆ ಇವತ್ತು ಮೂರು ಗಂಟೆಗೆ.

ಬೆಳಿಗ್ಗೆಯೇ ಕರಿದ ಬಾಳೆಹಣ್ಣು ಮಾರುವ ಲಮ್ಯಾಯ್ ಜಾಲರಿ ಸೌಟು ಹಿಡಿದೇ ಬಂದಳು. ಹಾದರ ಮಾಡಿ ಮುಳ್ಳಿನ ಬೂರುಗದ ಮರ ಹತ್ತುತ್ತಿದ್ದ ಹೆಂಗಸಿನ ಕಾಲಡಿ ಅವಳ ಹೆಸರಿತ್ತು.

“ನನ್ ಗಂಡ ನಿನ್ನೆಯಿಂದ ಅನ್ನ ಮುಟ್ಟಿಲ್ಲ ಕಣಪ್ಪಾ. ಬಾಯಿ ಬಿಟ್ರೆ ‘ಯಾರವನು?’ ಅಂತಾನೆ.”

“ಅಕ್ಕಾ, ಅದು ದಾನಿ ಹೆಸರು. ಪಾಪಿದಲ್ಲ.”

“ಹಾಗಂತ ಮನೆಮನೆಗೆ ಹೋಗಿ ಹೇಳಿ ಬರ್ತೀಯಾ? ಅಳಿಸು. ಯಾವ್ದಾದ್ರೂ ಸಣ್ಣ ಪಾಪಕ್ಕೆ ಹಾಕು.”

ಪ್ರಯೂನ್ ಅವಳನ್ನು ಕೋಳಿ ಕದ್ದವನ ಕೆಳಗೆ ಹಾಕಿ, ಅಲ್ಲಿದ್ದ ಊರ ಮುಖಂಡ ಖಾಂಪನ್‌ನ ಹೆಸರನ್ನು ಕುಡುಕನ ಕೆಳಗೆ ಸರಿಸಿದ. ಅರ್ಧ ಗಂಟೆಯಲ್ಲಿ ಖಾಂಪನ್ ಹಾಜರಾದ. ಬಾಯಿ ಘಮ್ಮೆನ್ನುತ್ತಿತ್ತು.

“ಕೋಳಿ ಕಳ್ಳ ಅಂದ್ರೆ ಜನ ನಕ್ಕು ಸುಮ್ನಾಗ್ತಾರೆ. ಕುಡುಕ ಅಂದ್ರೆ ನಂಬಿಬಿಡ್ತಾರೆ ಕಣಯ್ಯಾ.”

ಹೀಗೆ ಒಬ್ಬರ ಹೆಸರು ಸರಿಸಿದರೆ ಇನ್ನೊಬ್ಬರು ಬಂದು, ಮಧ್ಯಾಹ್ನದ ಹೊತ್ತಿಗೆ ಒಂಬತ್ತು ದಾನಿಗಳೂ ನಿಂತಿದ್ದರು. ಒಂಬತ್ತು ಪಾಪಗಳಲ್ಲಿ ಒಂದೂ ಯಾರಿಗೂ ಒಗ್ಗಲಿಲ್ಲ. ಕೊನೆಗೆ, ತಮ್ಮ ಹೆಸರು ಸ್ವರ್ಗದಲ್ಲಿ ಬರಲಿ, ಇಲ್ಲಿ ಬೇಡವೇ ಬೇಡ ಎಂದು ಹೇಳಿ ಹೋದರು. ಗುರುಗಳು ಮಾತ್ರ, “ಪೀಠ ಖಾಲಿ ಬಿಡ್ಬೇಡಪ್ಪಾ, ದಾನಿಗಳೇ ಸಿಗ್ಲಿಲ್ಲ ಅಂದ್ಕೋತಾರೆ” ಎಂದರು.

ಎರಡೂವರೆ ಗಂಟೆ. ಕಟ್ಟಿದವನು ನಾನೇ ತಾನೆ, ಯಾರೇನು ಕೇಳುತ್ತಾರೆ ಎಂದುಕೊಂಡು ಪ್ರಯೂನ್ ಒಂಬತ್ತೂ ಹೆಸರು ಕೆರೆದು, ಒಂಬತ್ತು ಕಡೆಯೂ ತನ್ನ ಹೆಸರು ಬರೆದ.

ಸುತ್ತಲ ಊರುಗಳಿಂದ ಮೂರು ಬಸ್ ಜನ ಬಂದಿಳಿದರು. ಜಿಲ್ಲೆಯ ಅಧಿಕಾರಿ ರಿಬ್ಬನ್ ಕತ್ತರಿಸಿ, ಮೈಕ್ ಹಿಡಿದು ಒಂದೊಂದೇ ಪೀಠ ಓದಿದರು. “ಸುಳ್ಳುಗಾರ. ಪ್ರಯೂನ್. ಕುಡುಕ. ಪ್ರಯೂನ್. ಕೋಳಿ ಕಳ್ಳ. ಪ್ರಯೂನ್.”

“ಒಬ್ನೇ ಎಷ್ಟೊಂದು ಮಾಡಿದಾನೆ ನೋಡು” ಎಂದಳು ಬಸ್ಸಿನಿಂದ ಇಳಿದ ಒಬ್ಬ ಮುದುಕಿ. ಪ್ರಯೂನ್ ದಾನಿಗಳ ಕಡೆ ನೋಡಿದ. ಒಂಬತ್ತು ಜನವೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಬಸ್ಸುಗಳು ಹೋದ ಮೇಲೆ ಲಮ್ಯಾಯ್ ಬಾಯಿ ತೆರೆದಳು. “ಗುರುಗಳೇ, ಸ್ವರ್ಗಕ್ಕೆ ಬೇರೆ ಶಿಲ್ಪಿನ ಕರೆಸಿ. ಅಲ್ಲಿ ನಮ್ಮ ಹೆಸರು ಬರೋದು. ಇಂಥವನ ಕೈಲಿ ಮಾಡಿಸಿದ್ರೆ ಜನ ಏನಂತಾರೆ?”

ಉಳಿದ ಎಂಟು ತಲೆಗಳು ಹೌದೆಂದು ಆಡಿದವು. ಗುರುಗಳಿಗೆ ನಿಜ ಗೊತ್ತಿತ್ತು, ಆದರೆ ಸ್ವರ್ಗಕ್ಕೂ ದಾನಿಗಳು ಬೇಕಿತ್ತು. “ಪಕ್ಕದೂರಿನ ವಿಹಾರದವರು ಒಂದು ನರಕ ಕೇಳ್ತಿದಾರೆ. ಹೋಗ್ಬಾ ಮಗಾ” ಎಂದರು.

ಪ್ರಯೂನನಿಗೆ ಅಳುವೇ ಬಂತು. ಎಂಟನೆಯ ನರಕದ ಯೋಚನೆಯಲ್ಲೇ ಮನೆಗೆ ಬಂದರೆ ಅನ್ನದ ಪಾತ್ರೆ ಬೋರಲು ಬಿದ್ದಿತ್ತು. ಹೆಂಡತಿ ಬುವಾ ಬಾಗಿಲಿಗೆ ಅಡ್ಡ ಕೂತಿದ್ದಳು.

“ಊಟ ಆಮೇಲೆ. ಬೂರುಗದ ಮರದ ಮೇಲೆ ಇದಾಳಲ್ಲ, ಯಾರವಳು?”