ಕರಾವಳಿಯ ಸೆಕೆ ಮತ್ತು ನನ್ನ ಆರು ಪುಡಿಕೆ

ಮನುಷ್ಯನಾದವನು ತಾನಿರುವ ಊರಿನ ಹವೆ ನೋಡಿ ಕೊಡೆ ಹಿಡಿಯಬೇಕು, ಇಲ್ಲವೇ ಟೊಪ್ಪಿಗೆ ಹಾಕಿಕೊಳ್ಳಬೇಕು. ಲೋಕದಲ್ಲಿ ನಡೆದುಬಂದ ರೀತಿ ಅದು. ನನ್ನದು ಮಾತ್ರ ತಿರುವುಮುರುವು. ನಾನಿರುವುದು ಪುಣೆಯ ಬಿಬವೇವಾಡಿಯಲ್ಲಿ. ಬೆಳಗಾಗೆದ್ದು ಹಲ್ಲುಜ್ಜುವ ಮೊದಲೇ ನೋಡುವುದು ಕೊಂಕಣ ಕರಾವಳಿಯ ಹವಾಮಾನ. ಇಲ್ಲಿ ಮಳೆ ಬಂದು, ಗ್ಯಾಲರಿಯಲ್ಲಿ ಒಣಹಾಕಿದ ನನ್ನದೇ ಅಂಗಿ ತೊಯ್ದು ತೊಪ್ಪೆಯಾದರೂ ನನಗೆ ಖಬರಿರುವುದಿಲ್ಲ. ಆದರೆ ಕರಾವಳಿಯ ಗಾಳಿಯಲ್ಲಿ ನಾಳೆ ಮಧ್ಯಾಹ್ನ ಎಷ್ಟು ಪಸೆ ಇರುತ್ತದೆ ಎಂದು ಕೇಳಿ, ನಿದ್ದೆಗಣ್ಣಲ್ಲೂ ಹೇಳಿಯೇನು. ಇಷ್ಟಾಗಿ, ಸಮುದ್ರವನ್ನು ನಾನು ಕಣ್ಣಾರೆ ಕಂಡವನಲ್ಲ. ಹುಟ್ಟಿದ್ದು ಧಾರವಾಡದಲ್ಲಿ, ಕೆಲಗೇರಿ ಕೆರೆಯೇ ನಮಗೆ ದೊಡ್ಡ ನೀರು.

ಈ ಚಟ ಹತ್ತಿದ್ದು ಪುಣೆಯ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ. ಅಲ್ಲಿ ಮೋಟಾರಿನ ಹಲ್ಲುಚಕ್ರಗಳನ್ನು ಪೆಟ್ಟಿಗೆಗೆ ತುಂಬಿ ಪರದೇಶಕ್ಕೆ ಕಳಿಸುವ ವಿಭಾಗ ನನ್ನದು. ಹಡಗು ಹತ್ತುವ ಮೊದಲು ಪೆಟ್ಟಿಗೆಗಳು ಬಂದರಿನಲ್ಲಿ ದಿನಗಟ್ಟಲೆ ಕೂತಿರುತ್ತವೆ. ಆ ಸೆಕೆಗೆ ಉಕ್ಕು ಕೂಡ ಬೆವರುತ್ತದೆ, ಬೆವರಿದ್ದಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಬಾರದೆಂದು ಪಸೆ ಹೀರುವ ಬಿಳಿ ಪುಡಿಕೆಗಳನ್ನು ಒಳಗೆ ಇಡುತ್ತೇವೆ. ಹೊಸ ಬೂಟಿನ ಡಬ್ಬಿಯಲ್ಲಿ ಬರುತ್ತವಲ್ಲ, ಅಂಥವು. ಪೆಟ್ಟಿಗೆಗೆ ಎಷ್ಟು ಪುಡಿಕೆ ಎಂಬುದನ್ನು ಕರಾವಳಿಯ ಹವೆ ನೋಡಿ ನಾನು ಹೇಳಬೇಕು. ಹಿಂದೊಮ್ಮೆ ಹವೆ ನೋಡದೆ, ಅಂದಾಜಿನ ಮೇಲೆ ಆರರ ಬದಲು ಮೂರು ಹಾಕಿಸಿದೆ. ಇಡೀ ಮಾಲು ಕುಂಕುಮದಲ್ಲಿ ಹೊರಳಾಡಿದಂತೆ ಕೆಂಪಾಗಿ ಮರಳಿ ಬಂತು. ಸಾಹೇಬರು ಒಂದು ಮಾತೂ ಬೈಯಲಿಲ್ಲ. ತುಕ್ಕು ಹಿಡಿದ ಒಂದು ಚಕ್ರವನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಇವತ್ತಿಗೂ ಅದು ಅಲ್ಲೇ ಇದೆ. ಅಂದಿನಿಂದ ದಿನಕ್ಕೆ ಹತ್ತು ಸಲ ಮುನ್ಸೂಚನೆ ನೋಡುವವನಾದೆ. ಈ ಸೆಕೆ-ಪಸೆಗೆ ಮರಾಠಿಯವರು ‘ಉಷ್ಣ ಆಣಿ ದಮಟ್’ ಎನ್ನುತ್ತಾರೆ. ಕಾರ್ಖಾನೆಯಲ್ಲಿ ನನ್ನ ಹೆಸರೇ ದಮಟ್ ಸಾಹೇಬ ಎಂದಾಗಿದೆ. ಇರಲಿ, ಇದಕ್ಕಿಂತ ಕೆಟ್ಟ ಹೆಸರಿನವರೂ ನಮ್ಮ ವಿಭಾಗದಲ್ಲಿದ್ದಾರೆ.

ಚಟ ಕಾರ್ಖಾನೆಯಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ, ಮನೆಗೂ ಬಂತು. ಸೀರೆಯ ಕಪಾಟು, ಹಾರ್ಮೋನಿಯಂ ಪೆಟ್ಟಿಗೆ, ಎಲ್ಲದರಲ್ಲೂ ನನ್ನ ಪುಡಿಕೆಗಳು. ನನ್ನ ಹೆಂಡತಿ ಸುಮಿತ್ರಾ ಇದನ್ನೆಲ್ಲ ಸಹಿಸಿಕೊಂಡಳು. ಆಕೆಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡುವುದು. ಮದುವೆಯಾದ ಹೊಸದರಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟವನೂ ನಾನೇ. ಪುಣೆಯಿಂದ ಘಟ್ಟ ಇಳಿದರೆ ನಾಲ್ಕೈದು ತಾಸಿನ ದಾರಿ. ಮೇ ತಿಂಗಳಲ್ಲಿ ಕೇಳಿದರೆ ಸೆಕೆ ಎಂದೆ, ಜುಲೈನಲ್ಲಿ ಬಿರುಗಾಳಿ ಎಂದೆ, ಅಕ್ಟೋಬರ್‌ನಲ್ಲಿ ಮತ್ತೆ ಸೆಕೆ ಎಂದೆ. ಜನವರಿಯಲ್ಲಿ ಹವೆ ಸರಿಯಿದ್ದರೆ ನನಗೆ ರಜೆ ಇರುತ್ತಿರಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷ. ಹಾಗಂತ ಒಂದು ಸಲವೂ ನಾನು ಸುಳ್ಳು ಹೇಳಿದವನಲ್ಲ. ಪ್ರತಿ ಸಲವೂ ಮುನ್ಸೂಚನೆಯನ್ನು ತೋರಿಸಿಯೇ ಬೇಡವೆಂದದ್ದು.

ಈ ಮೇ ತಿಂಗಳಲ್ಲಿ ಆಕೆ ಕೇಳಲೇ ಇಲ್ಲ, ಹೇಳಿದಳು. ಭಜನಾ ಮಂಡಳಿಯ ಹೆಂಗಸರು ಬಸ್ಸು ಮಾಡಿದ್ದಾರಂತೆ, ಗಂಡಂದಿರೂ ಬರಬಹುದಂತೆ, ಶನಿವಾರ ಹೋಗಿ ರವಿವಾರ ಸಂಜೆ ಬರುವುದಂತೆ. ನಾನು ರೂಢಿಯಂತೆ ಫೋನು ತೆಗೆದು, ಅಲ್ಲಿ ಭಾಳ ಸೆಕೆಯಿದೆ ಎಂದು ತೋರಿಸಹೋದೆ. ಆಕೆ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ.

“ನೀವು ಸೆಕಿ ನೋಡಕೋತ ಕೂಡ್ರಿ. ನಾ ಸಮುದ್ರ ನೋಡಿ ಬರ್ತೇನಿ.”

ಶನಿವಾರ ಬೆಳಿಗ್ಗೆ ಬಸ್ಸು ಹೋಯಿತು. ಅದಕ್ಕೂ ಮೊದಲು ಆಕೆಯ ಬ್ಯಾಗಿನ ತಳಕ್ಕೆ ಗುಟ್ಟಾಗಿ ಆರು ಪುಡಿಕೆ ಸೇರಿಸಿದ್ದೆ. ನನ್ನಿಂದಾದದ್ದು ಅಷ್ಟೇ. ಆಮೇಲೆ ಶುರುವಾಯಿತು ನೋಡಿ ನನ್ನ ಫಜೀತಿ. ಕುಂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಮುನ್ಸೂಚನೆ ತೆರೆದರೆ ಬಿಸಿ ಮತ್ತು ತೇವದ ಹವೆ, ಮೈಗೆ ಅಸ್ವಸ್ಥತೆ, ಸಂಜೆ ಅಲ್ಲಲ್ಲಿ ಗುಡುಗು, ಎತ್ತರದ ಅಲೆಗಳು. ಇಷ್ಟು ವರ್ಷ ಇದನ್ನೇ ಓದಿದ್ದೇನೆ, ಆದರೆ ಆಗೆಲ್ಲ ಅಲ್ಲಿ ಇರುತ್ತಿದ್ದದ್ದು ಹಲ್ಲುಚಕ್ರಗಳು. ಮೂರು ಸಲ ಫೋನು ಮಾಡಿದೆ, ಎತ್ತಲಿಲ್ಲ. ಜಿನೆಯ ಮೆಟ್ಟಿಲನ್ನು ನಾನು ಹತ್ತಿಳಿಯುವುದನ್ನು ನೋಡಿ, ಎದುರು ಮನೆಯ ಕಾಕಾ ಏನಾಯಿತೆಂದು ಕೇಳಿದರು. ಗಾಬರಿಯಲ್ಲಿ, ಹೆಂಡತಿ ಸಮುದ್ರದಲ್ಲಿದ್ದಾಳೆ ಎಂದುಬಿಟ್ಟೆ. ಪಾಪ, ಚಹಾದ ಕಪ್ಪು ಬಿಟ್ಟು ಎದ್ದೇ ನಿಂತರು. ಅವರಿಗೆ ಸಮಾಧಾನ ಹೇಳುವುದರೊಳಗೆ ನನ್ನ ಸಮಾಧಾನ ಪೂರಾ ಹೋಯಿತು. ನಿಜ ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಗಿತ್ತು. ಹೆದರಿಕೆಯ ಬೆನ್ನಿಗೆ ಹೊಟ್ಟೆಕಿಚ್ಚೂ ಇತ್ತು. ಆ ಮೊದಲ ಅಲೆ ಕಾಲಿಗೆ ಬಡಿದಾಗ ಆಕೆಯ ಮುಖ ಹೇಗಾಗಿರಬಹುದು? ಅದನ್ನು ನೋಡಬೇಕಾದವನು ನಾನು, ಬಿಬವೇವಾಡಿಯಲ್ಲಿ ಒಣಗಿದ ಭಕ್ರಿ ಮುರಿಯುತ್ತ ಕೂತಿದ್ದೆ.

ಸಂಜೆಗೆ ಫೋನು ಎತ್ತಿದಳು. ಹಿಂದೆ ಏನೋ ಭೋರೆನ್ನುತ್ತಿತ್ತು. ಊಟವಾಯಿತೇ ಎಂದು ಕೇಳಬೇಕಾದ ನನ್ನ ಬಾಯಿಗೆ ಬಂದದ್ದು ಇದು:

“ಹವಾ ಹ್ಯಾಂಗದ?”

“ನೋಡಿಲ್ರಿ. ನೀರು ನೋಡ್ಲಿಕ್ಕೆ ಹತ್ತೇನಿ” ಎಂದು ಇಟ್ಟುಬಿಟ್ಟಳು.

ರವಿವಾರ ಬಂದಾಗ ಆಕೆಯ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಸೀರೆಯ ಅಂಚಿನಲ್ಲಿ ಉಪ್ಪು ಬೆಳ್ಳಗೆ ಗೆರೆ ಕಟ್ಟಿತ್ತು. ಇಷ್ಟು ವರ್ಷದಲ್ಲಿ ಆಕೆ ಅಷ್ಟು ಚೆಂದ ಕಂಡದ್ದು ನನಗೆ ನೆನಪಿಲ್ಲ. ಬ್ಯಾಗು ತೆರೆದು, ಆರೂ ಪುಡಿಕೆಗಳನ್ನು ಒಂದೊಂದಾಗಿ ನನ್ನ ಮುಂದೆ ಸಾಲಾಗಿ ಇಟ್ಟಳು. ಪಸೆ ಕುಡಿದು ಭಾರವಾಗಿದ್ದವು.

“ನಾ ಏನು ನಿಮ್ಮ ಪೆಟ್ಟಿಗ್ಯಾಗಿನ ಚಕ್ರ ಏನ್ರಿ?” ಎಂದಳು. ಬ್ಯಾಗಿನ ಬಾಯಿ ಮುಚ್ಚುತ್ತ ಮೆಲ್ಲಗೆ ಅಂದಳು, “ಎಲ್ಲಾರೂ ಗಂಡಂದಿರ ಜೋಡಿ ಕೂತಿದ್ರು. ಬಸ್ಸಿನ್ಯಾಗ ನನ್ನ ಮಗ್ಗಲದ ಸೀಟು ಖಾಲೀನ ಇತ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನವೇ, ಸಾಹೇಬರು ನನ್ನ ಮೇಜಿನ ಬಳಿ ಬಂದಾಗ ಅವರ ಮುಂದೆ ರಜೆಯ ಅರ್ಜಿ ಇಟ್ಟೆ, ಕಾರಣ ಎಂಬಲ್ಲಿ ‘ಸಮುದ್ರ’ ಎಂದು ಬರೆದೆ. ಅವರು ಒಮ್ಮೆ ನನ್ನನ್ನೂ ಒಮ್ಮೆ ಮೇಜಿನ ಮೇಲಿನ ಚಕ್ರವನ್ನೂ ನೋಡಿ ಸಹಿ ಹಾಕಿದರು. ಮುಂದಿನ ಶನಿವಾರಕ್ಕೆ ಅಕ್ಕಪಕ್ಕದ ಎರಡು ಸೀಟು ಹಿಡಿದೆ.

ಆ ಶನಿವಾರ ಬಸ್ಸು ಹೊರಟಿತು. ಕಿಟಕಿಯ ಸೀಟನ್ನು ಆಕೆ ನನಗೇ ಬಿಟ್ಟುಕೊಟ್ಟಿದ್ದಳು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿ, ಇವತ್ತು ಹವೆ ನೋಡಿದಿರೇನು ಎಂದು ಕೇಳಿದಳು. ಕರಾವಳಿಯುದ್ದಕ್ಕೂ ಹಿಂದಿನ ವಾರಕ್ಕಿಂತ ಹೆಚ್ಚು ಸೆಕೆ, ಹೆಚ್ಚು ಪಸೆ, ಮಧ್ಯಾಹ್ನದ ಮೇಲೆ ಗುಡುಗು.

“ನೋಡಿಲ್ಲ” ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಆಕೆಗೆ ಹೇಳಿದ ಮೊದಲ ಸುಳ್ಳು ಅದು.