ಕೆಳಗೆ ಬಿದ್ದ ಕೊನೆಯ ಅಕ್ಷರ

ಬೋರ್ಡಣ್ಣನ ಗ್ರಹಚಾರ ಅಂದು ಬೆಳಿಗ್ಗೆ ಒಂದು ರಟ್ಟಿನ ರೂಪದಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ನಿಂತಿತ್ತು. ಹಲ್ಲುಜ್ಜಿ ಬಂದವನು ಅದನ್ನು ನೋಡಿ ಕಾಫಿ ಕೇಳುವುದನ್ನೂ ಮರೆತ.

ರಟ್ಟಿನ ಮೇಲೆ ‘ಶುಲ್ಕ ಏರಿಕೆ ನಿಲ್ಲಿಸಿ’ ಎಂದು ಬರೆದಿತ್ತು. ಬರೆದಿತ್ತು ಎನ್ನುವುದು ಸ್ವಲ್ಪ ದೊಡ್ಡ ಮಾತೇ ಆಯಿತು. ಮೊದಲನೆಯ ಅಕ್ಷರ ಕುಂಬಳಕಾಯಿಯಷ್ಟಿತ್ತು. ಅಲ್ಲಿಂದ ಮುಂದೆ ಒಂದೊಂದೂ ಸೊರಗುತ್ತಾ ಹೋಗಿ, ಅಂಚು ಹತ್ತಿರವಾಗುತ್ತಿದ್ದಂತೆ ಬಸ್ಸಿನ ಹಿಂದಿನ ಸೀಟಿನವರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಕೊನೆಯ ‘ಸಿ’ಗೆ ಜಾಗವೇ ಸಾಲದೆ, ಅದೊಂದೇ ಕೆಳಗಿನ ಸಾಲಿನಲ್ಲಿ ಅನಾಥವಾಗಿ ಕೂತಿತ್ತು.

“ಯಾರೇ ಇದನ್ನ ಬರೆದಿದ್ದು?”

“ನಾನೇ ಅಪ್ಪ,” ಎಂದಳು ಮಗಳು ಜಡೆ ಹೆಣೆದುಕೊಳ್ಳುತ್ತಾ. “ಇವತ್ತು ನಾವೆಲ್ಲ ಯೂನಿವರ್ಸಿಟಿ ಗೇಟಿನ ಹತ್ರ ಧರಣಿ ಕೂರ್ತೀವಿ. ಯಾಕೆ, ಚೆನ್ನಾಗಿಲ್ವಾ?”

ಚೆನ್ನಾಗಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮಗಳು ಏನು ಮಾಡಿದರೂ ಅವನಿಗೆ ಚೆನ್ನ. ಆದರೆ ಕೈ ಕೇಳಬೇಕಲ್ಲ! ಹತ್ತೊಂಬತ್ತು ವರ್ಷಗಳಿಂದ ಅದೇ ವಿಶ್ವವಿದ್ಯಾಲಯದ ಬೋರ್ಡುಗಳನ್ನೆಲ್ಲ ಬರೆದ ಕೈ ಅದು. ಗ್ರಂಥಾಲಯದ ‘ಮೌನ’ದಿಂದ ಹಿಡಿದು ಶೌಚಾಲಯದ ‘ಸ್ವಚ್ಛವಾಗಿಡಿ’ಯವರೆಗೆ ಎಲ್ಲ ಅವನದೇ. ಒತ್ತಕ್ಷರದ ಬಾಲವನ್ನು ಮಲಗಿದ ಬೆಕ್ಕಿನ ಬಾಲದಂತೆ ಸುರುಳಿ ಸುತ್ತಿ ನಿಲ್ಲಿಸುವುದರಲ್ಲಿ ಅವನದು ಎತ್ತಿದ ಕೈ. ಅದಕ್ಕೇ ಸಿಬ್ಬಂದಿಗೆ ಅವನು ಬೋರ್ಡಣ್ಣ, ವಿದ್ಯಾರ್ಥಿಗಳಿಗೆ ಬೋರ್ಡು ಮಾಮ.

“ರೀ, ಸುಮ್ಮನೆ ಕಾಫಿ ಕುಡಿದು ಹೊರಡಿ,” ಎಂದಳು ಹೆಂಡತಿ, ಅವನ ಕಣ್ಣು ಬಣ್ಣದ ಡಬ್ಬಿಯ ಕಡೆ ಹೋದದ್ದನ್ನು ಕಂಡು. “ಇವತ್ತು ನಿಮ್ಮ ಕಡತಕ್ಕೆ ಸಹಿ ಬೀಳೋ ದಿನ. ನೆನಪಿದೆ ತಾನೆ?”

ನೆನಪಿಲ್ಲದೆ ಏನು? ಹತ್ತೊಂಬತ್ತು ವರ್ಷವೂ ಅವನು ಹಂಗಾಮಿ. ಕೆಲಸ ಕಾಯಂ ಮಾಡುವ ಕಡತ ಹನ್ನೊಂದು ಮೇಜು ದಾಟಿ ಕೊನೆಗೂ ರಿಜಿಸ್ಟ್ರಾರ್ ಸಾಹೇಬರ ಮುಂದೆ ಬಂದು ಕೂತಿತ್ತು. ಕಾಯಂ ನೌಕರರ ಮಕ್ಕಳಿಗೆ ಅರ್ಧ ಶುಲ್ಕ. ಹೊಸ ಶುಲ್ಕ ಪೂರ್ತಿ ಕಟ್ಟಬೇಕಾದರೆ ಮಗಳ ಓದು ಮೊದಲನೆಯ ವರ್ಷಕ್ಕೇ ನಿಲ್ಲಬೇಕಿತ್ತು. ಆ ಒಂದು ಸಹಿಯ ಮೇಲೆ ಮನೆಯವರೆಲ್ಲರ ಜೀವ ನಿಂತಿತ್ತು.

“ಒಂದೇ ಒಂದು ರಟ್ಟು ಕಣೇ. ನೋಡೋಕಾಗ್ತಿಲ್ಲ,” ಎಂದು ಅವನು ಕುಂಚ ತೆಗೆದ. ರಟ್ಟನ್ನು ತಿರುಗಿಸಿ ಹಿಂಬದಿಯಲ್ಲಿ ಎರಡೇ ನಿಮಿಷಕ್ಕೆ ಬರೆದು ಮುಗಿಸಿದ. ಅಷ್ಟರಲ್ಲಿ ಮಗಳ ಗೆಳತಿಯರು ಬಂದರು. ಅವರ ಕೈಯಲ್ಲಿ ಹನ್ನೊಂದು ರಟ್ಟುಗಳಿದ್ದವು. “ಮಾಮ, ನಮ್ದೂ!” ಎಂದರು. ಇಲ್ಲ ಎನ್ನುವ ವಿದ್ಯೆಯನ್ನು ಬೋರ್ಡಣ್ಣನಿಗೆ ಯಾರೂ ಕಲಿಸಿರಲಿಲ್ಲ.

ಹತ್ತು ಗಂಟೆಗೆ ಗೇಟಿನ ಬಳಿ ಬಂದವನು ಗೋಡೆಯ ಅಂಚಿಗೆ ಸರಿದುಕೊಂಡ. ಮುನ್ನೂರು ವಿದ್ಯಾರ್ಥಿಗಳ ನಡುವೆ ಹನ್ನೆರಡು ಫಲಕಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಹನ್ನೆರಡರಲ್ಲೂ ಬೆಕ್ಕಿನ ಬಾಲ.

“ಏನ್ ಅಕ್ಷರ ಬೋರ್ಡಣ್ಣ! ಓದ್ತಾ ಇದ್ರೆ ನಂಗೂ ಘೋಷಣೆ ಕೂಗೋಣ ಅನ್ಸುತ್ತೆ,” ಎಂದು ಗೇಟಿನ ಕಾವಲುಗಾರ ಕಣ್ಣು ಮಿಟುಕಿಸಿದ.

ಕಚೇರಿಯೊಳಗೆ ಕಾಲಿಟ್ಟರೆ ಟೈಪಿಸ್ಟಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಅವರಿಗೆ ಕಚೇರಿಯಲ್ಲಿ ಗೊತ್ತಿಲ್ಲದ ವಿಷಯವಿರಲಿಲ್ಲ, ಗೊತ್ತಿದ್ದದ್ದನ್ನು ಇಟ್ಟುಕೊಳ್ಳುವ ಅಭ್ಯಾಸವೂ ಇರಲಿಲ್ಲ. “ಏನ್ರೀ, ಹೊರಗಡೆ ಹುಡುಗಿಯರ ಕೈಲಿರೋ ಒತ್ತಕ್ಷರ, ನಮ್ಮ ಶೌಚಾಲಯದ ಬಾಗಿಲ ಮೇಲಿರೋ ಒತ್ತಕ್ಷರ, ಎರಡೂ ಅಕ್ಕತಂಗಿ ಥರ ಇವೆಯಲ್ಲ?”

“ಮೆಲ್ಲಗೆ ಮಾತಾಡಿ ಅಮ್ಮ, ನಿಮ್ಮ ದಮ್ಮಯ್ಯ!”

ಅಷ್ಟರಲ್ಲೇ ರಿಜಿಸ್ಟ್ರಾರ್ ಸಾಹೇಬರಿಂದ ಕರೆ ಬಂತು.

ಸಾಹೇಬರು ಕಿಟಕಿಯಿಂದ ಗೇಟು ನೋಡುತ್ತಾ ನಿಂತಿದ್ದರು. ಮೇಜಿನ ಮೇಲೆ ಹಸಿರು ಕಡತವಿತ್ತು. ಪಕ್ಕದಲ್ಲಿ ಭದ್ರತಾ ಅಧಿಕಾರಿ ಒಂದು ನೋಟ್ ಪುಸ್ತಕ ಹಿಡಿದು, ಯಾರ ಹೆಸರು ಸಿಕ್ಕರೂ ಬರೆದುಬಿಡುವ ಉತ್ಸಾಹದಲ್ಲಿ ನಿಂತಿದ್ದ.

“ಆ ಫಲಕ ಬರೆದವರು ಯಾರು ಅಂತ ಪತ್ತೆ ಮಾಡ್ತಿದ್ದೀವಿ,” ಎಂದರು ಸಾಹೇಬರು. “ವಿದ್ಯಾರ್ಥಿ ಆದ್ರೆ ಈ ಸಲ ಪರೀಕ್ಷೆಗೆ ಕೂರಿಸಲ್ಲ. ಹೊರಗಿನವನಾದ್ರೆ ಪೊಲೀಸ್. ಅದಿರಲಿ, ನೀವೊಂದು ದೊಡ್ಡ ಬೋರ್ಡು ಬರೀರಿ. ‘ಶುಲ್ಕ ಏರಿಕೆ ಅಂತಿಮ.’ ಹನ್ನೆರಡು ಗಂಟೆಗೆ ಗೇಟಿನ ಮೇಲೆ ನೇತಾಡ್ಬೇಕು. ಓದಿದವರಿಗೆ ನಡುಕ ಹುಟ್ಟಬೇಕು! ಸಂಜೆ ನಿಮ್ಮ ಕಡತ ನೋಡೋಣ.”

ಒಳಗಿನ ಹಳೆಯ ಬೋರ್ಡುಗಳನ್ನು ಸಾಹೇಬರು ಎಂದೂ ಕಣ್ಣೆತ್ತಿ ನೋಡಿದವರಲ್ಲ, ಆದರೆ ಇದು ಹಾಗಲ್ಲ. ಮೇಲೆ ಅವನ ಬೋರ್ಡು, ಕೆಳಗೆ ಅವನ ಫಲಕಗಳು. ಅಕ್ಕಪಕ್ಕ ಇಟ್ಟು ನೋಡಿದರೆ ಕುರುಡನಿಗೂ ಗೊತ್ತಾಗುತ್ತದೆ. ಉಳಿದದ್ದು ಒಂದೇ ದಾರಿ. ಜೀವನದಲ್ಲಿ ಮೊದಲ ಬಾರಿಗೆ ಕೆಟ್ಟದಾಗಿ ಬರೆಯಬೇಕು.

ಅದು ಅಷ್ಟು ಸುಲಭವಲ್ಲ ಎಂದು ಹಿಂದಿನ ಶೆಡ್ಡಿನಲ್ಲಿ ಕೂತ ಮೇಲೆ ತಿಳಿಯಿತು. ಓರೆಯಾಗಿ ಗೀಚಲು ಹೋದರೆ ಕೈ ತನ್ನಷ್ಟಕ್ಕೆ ನೆಟ್ಟಗೆ ಮಾಡುತ್ತಿತ್ತು. ಒತ್ತಕ್ಷರವನ್ನು ಬೋಳು ಬಿಟ್ಟು ಏಳುವಷ್ಟರಲ್ಲಿ ಕುಂಚ ತಾನೇ ವಾಪಸು ಹೋಗಿ ಬಾಲ ಸುತ್ತಿ ಬರುತ್ತಿತ್ತು. ಸುದ್ದಿ ತಿಳಿದು ಟೈಪಿಸ್ಟಮ್ಮ ಬಂದರು, ಗೇಟು ಬಿಟ್ಟು ಕಾವಲುಗಾರನೂ ಬಂದ.

“ಎಡಗೈಲಿ ಬರೀರಿ,” ಎಂದ ಕಾವಲುಗಾರ.

ಎಡಗೈಯಲ್ಲಿ ಬರೆದ. ಏಣಿಯ ಮೇಲೆ ಬಲಗೈಲಿ ಆಧಾರ ಹಿಡಿದು ಎಷ್ಟೋ ಗೋಡೆಗಳನ್ನು ಎಡಗೈಯಲ್ಲೇ ತುಂಬಿಸಿದವನು ಅವನು. ಅದೂ ಮುತ್ತು ಪೋಣಿಸಿದಂತೆ ಬಂತು.

“ಥೂ, ಇನ್ನೂ ಚೆನ್ನಾಗಾಯ್ತು!” ಎಂದು ಟೈಪಿಸ್ಟಮ್ಮ ಹಣೆ ಚಚ್ಚಿಕೊಂಡರು. “ಕಣ್ಣು ಮುಚ್ಕೊಂಡು ನೋಡಿ.”

ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಬೆಳಗಿನ ಆ ರಟ್ಟು ಬಂದು ನಿಂತಿತು. ಕುಂಬಳಕಾಯಿ, ಹಿಂದಿನ ಸೀಟಿನ ನೂಕುನುಗ್ಗಲು, ಕೆಳಗೆ ಬಿದ್ದ ಅನಾಥ ಅಕ್ಷರ. ಅವನಿಗೆ ನಗು ಬಂತು, ಅದರ ಹಿಂದೆಯೇ ಮಗಳ ಮೇಲೆ ಮುದ್ದೂ ಬಂತು. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೂ ಅವಳು ಹೀಗೆಯೇ ಬರೆಯುತ್ತಿದ್ದಳು. ತಿದ್ದಿಸುವುದು ಬಿಟ್ಟು ತಾನೇ ಬರೆದು ಕೊಡುತ್ತಿದ್ದವನು ಅವನೇ. ಈಗ ಕಣ್ಣು ತೆರೆದು, ಆ ಮುದ್ದು ವಕ್ರಗಳನ್ನೆಲ್ಲ ಒಂದೂ ಬಿಡದೆ ಬೋರ್ಡಿಗೆ ಇಳಿಸಿದ. ಕೊನೆಯ ‘ಮ’ಕ್ಕೆ ಜಾಗ ಸಾಲದೆ ಅದು ಕೆಳಗೆ ಬಿತ್ತು.

ಹನ್ನೆರಡಕ್ಕೆ ಬೋರ್ಡು ಗೇಟಿಗೇರಿತು. ಆಮೇಲೆ ಯಾರೋ ಕೂಗಿದರು, “ಅಂತಿಮ ಅಂತ ಬರೆಯೋಕೇ ಜಾಗ ಸಾಲ್ಲಿಲ್ಲ, ಹಂಗಾದ್ರೆ ಇನ್ನೂ ಅಂತಿಮ ಆಗಿಲ್ಲ!” ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೊಬ್ಬಳೇ ನಗಲಿಲ್ಲ. ಅಪ್ಪನ ಕೈಗೆ ಏನಾಯಿತೋ ಎಂದು ಅವಳ ಮುಖ ಸಣ್ಣದಾಯಿತು.

ಸಾಹೇಬರು ಕೆಂಡವಾದರು. “ಏನ್ರೀ ಇದು? ಹತ್ತೊಂಬತ್ತು ವರ್ಷ ಕಲಿತಿದ್ದು ಇಷ್ಟೇನಾ? ಆ ಫಲಕಗಳನ್ನ ನೋಡಿ ಕಲೀರಿ! ಅದು ಅಕ್ಷರ ಅಂದ್ರೆ! ಬರೆದವನು ಸಿಕ್ಕಿದ್ರೆ ಪೊಲೀಸಿಗೂ ಕೊಡಲ್ಲ, ನಿಮ್ಮ ಕೆಲಸ ತೆಗೆದು ಅವನಿಗೇ ಕೊಟ್ಟುಬಿಡ್ತೀನಿ!”

ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಟೈಪಿಸ್ಟಮ್ಮನಿಗೆ ಅಷ್ಟೇ ಸಾಕಾಯಿತು. ಬೋರ್ಡಣ್ಣನ ಕೆಲಸ ಹೋಯಿತೆಂಬ ಸುದ್ದಿ ಹೊತ್ತು ಗೇಟಿನ ಕಡೆ ಓಡಿದರು. ಇನ್ನರ್ಧ ಗಳಿಗೆ ನಿಂತಿದ್ದರೆ ಉಳಿದದ್ದೂ ಕೇಳಿಸುತ್ತಿತ್ತು.

ಉಳಿದದ್ದು ಹೀಗಿತ್ತು. ಬೋರ್ಡಣ್ಣ ತಲೆ ತಗ್ಗಿಸಿ ನಿಂತಿದ್ದನ್ನು ನೋಡಿ ಸಾಹೇಬರ ಮನಸ್ಸು ಕರಗಿತು. ಕೆಟ್ಟ ಮನುಷ್ಯರೇನಲ್ಲ ಅವರು. “ಹೋಗ್ಲಿ ಬಿಡಿ. ಕೈ ನಡುಗ್ತಿದೆ ಅನ್ಸುತ್ತೆ, ವಯಸ್ಸಾಯ್ತಲ್ಲ. ಇಷ್ಟು ವರ್ಷ ದುಡಿದಿದ್ದೀರಿ. ಐದು ಗಂಟೆಗೆ ಕಾರಿನ ಹತ್ರ ಬನ್ನಿ, ಸಹಿ ಹಾಕಿ ಕೊಡ್ತೀನಿ.”

ಬೋರ್ಡಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನು ಬರೆದ ಹನ್ನೆರಡೂ ಪತ್ತೆಯಾಗಲಿಲ್ಲ, ಕೆಲಸವೂ ಉಳಿಯಿತು. ಸಂಜೆಯವರೆಗೆ ಶೆಡ್ಡಿನಲ್ಲಿ ಕೂತು, ಮಗಳ ಎರಡನೆಯ ವರ್ಷದ ಪುಸ್ತಕಗಳಿಗೆ ಯಾವ ಬಣ್ಣದಲ್ಲಿ ಹೆಸರು ಬರೆದುಕೊಡಬೇಕೆಂದು ಯೋಚಿಸಿದ.

ಐದಕ್ಕೆ ಸಾಹೇಬರು ಕೆಳಗಿಳಿದರು. ಕಾರಿನ ಮೇಲೆ ಹಸಿರು ಕಡತ ಬಿಡಿಸಿ ಪೆನ್ನು ತೆಗೆದರು. ಪೆನ್ನು ಕಾಗದ ಮುಟ್ಟಿತು, ಒಂದು ಚುಕ್ಕೆ ಬಿತ್ತು. ಆಗಲೇ ಗೇಟಿನ ಕಡೆಯಿಂದ ಗದ್ದಲ ಎದ್ದಿತು. “ಬೋರ್ಡು ಮಾಮನಿಗೆ ನ್ಯಾಯ ಕೊಡಿ!” ಎಂದು ಕೂಗುತ್ತಾ, ಸಾಹೇಬರು ಕೆಳಗಿಳಿಯುವುದನ್ನೇ ಕಾದಿದ್ದ ವಿದ್ಯಾರ್ಥಿಗಳು ನುಗ್ಗಿ ಬಂದು ಕಾರನ್ನು ಸುತ್ತುವರಿದರು. ಮುಂದೆ ಮಗಳಿದ್ದಳು. ಅವಳ ಕೈಯಲ್ಲಿ ಹೊಸದೊಂದು ರಟ್ಟಿತ್ತು. ‘ಬೋರ್ಡು ಮಾಮನ ಕೆಲಸ ಕಾಯಂ ಮಾಡಿ.’ ಈ ಸಲ ಅವಳೇ ಬರೆದಿದ್ದಳು. ‘ಬೋ’ ಕುಂಬಳಕಾಯಿಯಷ್ಟಿತ್ತು, ‘ಡಿ’ ಕೆಳಗೆ ಬಿದ್ದಿತ್ತು.

ಸಾಹೇಬರು ರಟ್ಟನ್ನು ನೋಡಿದರು. ತಲೆಯೆತ್ತಿ ಗೇಟಿನ ಬೋರ್ಡನ್ನು ನೋಡಿದರು. ಮತ್ತೆ ರಟ್ಟನ್ನು ನೋಡಿದರು.

“ಓಹೋ!” ಎಂದು ಪೆನ್ನಿಗೆ ಮುಚ್ಚಳ ಹಾಕಿದರು. “ನಿಮ್ಮ ಮೇಲೆ ಕರುಣೆ ತೋರಿಸಿದ್ರೆ, ನೀವೇ ಫಲಕ ಬರೆದು ಮಕ್ಕಳನ್ನ ನನ್ನ ಮೇಲೆ ಎತ್ತಿಕಟ್ಟಿದ್ದೀರಾ? ಮೊದಲಕ್ಷರ ಬೆಟ್ಟ, ಕೊನೆಯಕ್ಷರ ಪಾತಾಳ. ಇಡೀ ಯೂನಿವರ್ಸಿಟಿಲಿ ಹೀಗೆ ಬರೆಯೋ ಕೈ ಇನ್ನೊಂದಿದ್ಯೇನ್ರೀ?”

ಇನ್ನೊಂದಿತ್ತು. ಅದು ರಟ್ಟಿನ ಕೋಲು ಹಿಡಿದು ಅಲ್ಲೇ ಇತ್ತು, ಗೊತ್ತಾದರೆ ಅದಕ್ಕೆ ಈ ಸಲ ಪರೀಕ್ಷೆ ಬರೆಯುವ ಯೋಗವಿರಲಿಲ್ಲ. ಭದ್ರತಾ ಅಧಿಕಾರಿ ನೋಟ್ ಪುಸ್ತಕ ಬಿಡಿಸಿ ಪೆನ್ಸಿಲ್ ನೆಕ್ಕಿದ. “ಅದು ಅವರದ್ದಲ್ಲ ಸಾರ್,” ಎಂದು ಮಗಳು ಬಾಯಿ ತೆರೆದಳು. “ಅದು...”

“ನಂದೇ ಸಾರ್!” ಎಂದು ಬೋರ್ಡಣ್ಣ ಮಧ್ಯೆ ನುಗ್ಗಿದ. ಧ್ವನಿ ಎಷ್ಟು ಜೋರಾಗಿತ್ತೆಂದರೆ ಅವನಿಗೇ ಗಾಬರಿಯಾಯಿತು. “ಇಂಥ ಅಕ್ಷರ ನನ್ನ ಬಿಟ್ಟು ಇನ್ಯಾರ ಕೈಲಾಗುತ್ತೆ ಸಾರ್? ಬರ್ಕೊಳ್ಳಿ, ನನ್ನ ಹೆಸರೇ ಬರ್ಕೊಳ್ಳಿ.”

ಅವನು ಮನಸ್ಸಿಟ್ಟು ಬರೆದ ಒಂದು ಬೋರ್ಡಿಗೂ ಹತ್ತೊಂಬತ್ತು ವರ್ಷದಲ್ಲಿ ಹೀಗೆ ಎದೆಯುಬ್ಬಿಸಿ ಹೇಳಿಕೊಂಡಿರಲಿಲ್ಲ. ಕಡತ ಮುಚ್ಚಿತು. ಕಾರು ಹೋಯಿತು. ಹೋಗುವ ಮುನ್ನ ಸಾಹೇಬರು ಕಿಟಕಿ ಇಳಿಸಿ, “ನಾಳೆ ಬಂದು ಆ ಬೋರ್ಡಿಗೆ ಸುಣ್ಣ ಬಳೀರಿ. ಹಂಗಾಮಿಯಾಗೇ ಇರಿ,” ಎಂದರು.

ಮನೆಯ ದಾರಿಯುದ್ದಕ್ಕೂ ಮಗಳು ಮೂಗು ಒರೆಸಿಕೊಳ್ಳುತ್ತಾ ನಡೆದಳು. ರಟ್ಟು ಅಪ್ಪನ ಕಂಕುಳಲ್ಲಿತ್ತು.

“ಅಪ್ಪ, ನನ್ನಿಂದ ಎಲ್ಲಾ ಹಾಳಾಯ್ತು.”

“ಅಳಬೇಡ. ಇನ್ನೂ ಅಂತಿಮ ಆಗಿಲ್ಲ ಅಂತ ನೀವೇ ಕೂಗಿದ್ರಲ್ಲ. ನಾಳೆ ಮತ್ತೆ ಕೂರ್ತೀರಿ ತಾನೆ?”

“ಕೂರ್ತೀವಿ. ಆದ್ರೆ ಫಲಕ ನೀನು ಬರೀಬೇಡ. ನಾನೇ ಬರೀತೀನಿ.”

ಬೋರ್ಡಣ್ಣ ಬೀದಿದೀಪದ ಕೆಳಗೆ ನಿಂತ. ಕಂಕುಳಿನ ರಟ್ಟನ್ನು ಹೊರಗೆ ತೆಗೆದು, ಕೆಳಗೆ ಬಿದ್ದ ‘ಡಿ’ಯನ್ನು ಬೆರಳಿನಿಂದ ಮೆಲ್ಲಗೆ ಸವರಿದ.

“ಹಾಗಾದ್ರೆ ಇವತ್ತಿಂದ ದಿನಾ ಒಂದು ಪುಟ ಕಾಪಿ ಬರಿ ಮಗಳೇ,” ಎಂದ. “ಇನ್ಮೇಲೆ ನೀನು ಬರೆದದ್ದೆಲ್ಲ ನನ್ನ ಹೆಸರಲ್ಲಿ ಹೋಗುತ್ತೆ. ನನ್ನ ಮರ್ಯಾದೆ ನಿನ್ನ ಕೈಲಿದೆ.”